ಕೈ ಎತ್ತಿದವರನ್ನು ಕರೆತಂದ ಚೆನ್ನಂಜ

ರೇಡಿಯೋದಲ್ಲಿ "ಕೇಳುಗರೆಲ್ಲರಿಗೂ ನಮಸ್ಕಾರ" ಅಂದರೆ ಸಾಕು, ಚೆನ್ನಂಜ ಎದ್ದು ನಿಂತು ರೇಡಿಯೋಗೆ ಎರಡೂ ಕೈ ಮುಗಿಯುತ್ತಿದ್ದ. ಕೈಯಲ್ಲಿ ತಂಬಿಗೆ ಇದ್ದರೆ ಕೆಳಗಿಡುವನು, ಬಾಯಲ್ಲಿ ತುತ್ತು ಇದ್ದರೆ ನುಂಗುವನು, ಆಮೇಲೆ ಗಟ್ಟಿಯಾಗಿ "ನಮಸ್ಕಾರ" ಅನ್ನುವನು. ಬೆಳಿಗ್ಗೆ ಒಂದು ಸಲ, ಸಂಜೆ ವಾರ್ತೆಗೆ ಇನ್ನೊಂದು ಸಲ. ಇಪ್ಪತ್ತೆಂಟು ವರ್ಷ ವಯಸ್ಸು, ಕಂಬದಂಥ ಆಳು!

"ಅದು ನಿನಗಲ್ಲ ಕಣೋ ಹೇಳಿದ್ದು!" ಅಂತ ತಾಯಿ ಮರಿಸಿದ್ದಮ್ಮ ಒಳಗಿಂದ ಕೂಗುವಳು.

"ಕೇಳೋರಿಗೆಲ್ಲ ಅಂದ್ರಲ್ಲವ್ವ? ನಾನು ಕೇಳ್ತಾ ಇದ್ನಲ್ಲ?"

ಮರಿಸಿದ್ದಮ್ಮ ಹಣೆ ಚಚ್ಚಿಕೊಳ್ಳುವಳು. "ಅಯ್ಯೋ ನನ್ನ ಹಣೆಬರಹವೇ!"

ಈ ಮರಿಸಿದ್ದಮ್ಮ ಜಾದೂ ಮಾಡುವವಳು. ಗಂಡ ಪ್ರೊಫೆಸರ್ ನಿಂಗರಾಜು ಊರೂರು ತಿರುಗಿ ಜಾದೂ ತೋರಿಸುತ್ತಿದ್ದವನು. ಅವನು ತೀರಿಕೊಂಡ ಮೇಲೆ ಅವನ ಕರಿ ಕೋಟನ್ನೇ ಸೀರೆಯ ಮೇಲೆ ತೊಟ್ಟು, ಅವನ ಪೆಟ್ಟಿಗೆಗಳನ್ನೇ ಹೊತ್ತು, ಇವಳು ಆಟ ಮುಂದುವರಿಸಿದಳು. ಭಾರಿ ಜಾದೂ ಏನಲ್ಲ, ನಗಿಸುವ ಜಾದೂ. ಕೈ ಕುಲುಕಿದರೆ ಕಳಚಿಕೊಂಡು ಬರುವ ರಬ್ಬರ್ ಕೈ. ಬಿಚ್ಚಿದರೆ ಬಟ್ಟೆಯೇ ಇಲ್ಲದ ಕೊಡೆ. ಅವಳ ಕೈಯಲ್ಲಿ ಇರುವಷ್ಟು ಹೊತ್ತು ನೆಟ್ಟಗಿದ್ದು, ಬೇರೆಯವರ ಕೈಗೆ ಕೊಟ್ಟ ಕೂಡಲೇ ಬಾಡಿದ ಹುರುಳಿಕಾಯಿಯ ಹಾಗೆ ಜೋತುಬೀಳುವ ಮಂತ್ರದಂಡ. ಇದಕ್ಕೆಲ್ಲ ಸಭೆಯಿಂದ ಒಬ್ಬರು ಮೇಲೆ ಬರಬೇಕು. ಬಂದವರು ಬೆಪ್ಪಾಗಬೇಕು, ಕೂತವರು ನಗಬೇಕು. ಅಷ್ಟೇ ಆಟ.

ಜನರನ್ನು ಮೇಲಕ್ಕೆ ಕರೆತರುವ ಕೆಲಸ ಇಷ್ಟು ದಿನ ಅವಳ ತಮ್ಮನದಾಗಿತ್ತು. ಅವನು ಮಂಡಿನೋವು ಅಂತ ಮನೆ ಹಿಡಿದು ಕೂತ. ಇವಳ ಬೆರಳುಗಳೂ ಈಚೆಗೆ ನಡುಗುತ್ತಿದ್ದವು. ಒಲೆಯ ಮುಂದೆ ಕೂತರೆ ಅವಳಿಗೆ ಒಂದೇ ಚಿಂತೆ. "ನಾನು ಹೋದ ಮೇಲೆ ಇವನನ್ನ ನೋಡ್ಕೊಳ್ಳೋರು ಯಾರು?" ಅಂತ ಬಾಯಿಬಿಟ್ಟೇ ಅಳುವಳು. ಒಂದು ಕೆಲಸ, ಒಂದೇ ಒಂದು ಕೆಲಸ ಮಗನ ಕೈಗೆ ಹತ್ತಿದರೆ, ಯಾವುದಾದರೂ ಜಾದೂ ಕಂಪನಿಯವರು ಸೇರಿಸಿಕೊಂಡು ಅನ್ನ ಹಾಕಿಯಾರು.

"ಮಗಾ, ಇನ್ನುಮೇಲೆ ನೀನೇ ಜನರನ್ನ ಕರ್ಕೊಂಡು ಬರಬೇಕು."

"ಯಾರನ್ನವ್ವ?"

"'ಯಾರು ಬರ್ತೀರಿ' ಅಂತ ನಾನು ಕೇಳ್ತೀನಿ. ಆಗ ಕೈ ಎತ್ತಿದವರನ್ನ ಕರ್ಕೊಂಡು ಬಾ."

"ಆಗ್ಲವ್ವ!"

ಮೊದಲ ಆಟ ಒಂದು ಸ್ಕೂಲಿನಲ್ಲಿ. ಮರಿಸಿದ್ದಮ್ಮ ರಬ್ಬರ್ ಕೈಯನ್ನು ತೋಳಿನಲ್ಲಿ ಸಿಕ್ಕಿಸಿಕೊಂಡು, "ಯಾರು ಬರ್ತೀರಿ ನನ್ನ ಕೈ ಕುಲುಕೋಕೆ?" ಅಂದಳು. ಮಕ್ಕಳು ಸುಮ್ಮನಿರುತ್ತಾರೆಯೇ? ಇಡೀ ಸ್ಕೂಲೇ ಕೈ ಎತ್ತಿತು. ಚೆನ್ನಂಜ ಒಂದನೇ ಸಾಲಿನಿಂದ ಶುರುಮಾಡಿದ. ಒಬ್ಬನನ್ನು ತಂದ, ಇಬ್ಬರನ್ನು ತಂದ, ಇಪ್ಪತ್ತು ಜನರನ್ನು ತಂದ, ನಲವತ್ತು ಜನರನ್ನು ತಂದ. "ಸಾಕು, ಸಾಕು!" ಅಂತ ಹೆಡ್‌ಮಾಸ್ಟರು ಕೈ ಎತ್ತಿದರು. ಅವರನ್ನೂ ತಂದ! ಮೇಜು ಜೋಡಿಸಿ ಮಾಡಿದ್ದ ಸ್ಟೇಜು ಕಿರ್ ಅಂತು, ಕರ್ ಅಂತು, ಹೆಡ್‌ಮಾಸ್ಟರ ಸಮೇತ ಕೆಳಗೆ ಕೂತುಕೊಂಡಿತು.

"ಲೋ ಪೆದ್ದೇ!" ಅಂದಳು ಮರಿಸಿದ್ದಮ್ಮ. "ಊರನ್ನೇ ತಂದು ಹೇರ್ತಾರೇನೋ?"

"ಕೈ ಎತ್ತಿದವರನ್ನ ತಾ ಅಂತ ನೀನೇ ಅಂದ್ಯಲ್ಲವ್ವ!"

"ಒಬ್ಬರು ಕಣೋ! ಕೈ ಎತ್ತಿದವರು ಒಬ್ಬರೇ ಒಬ್ಬರು. ಮೇಲೆ ತರೋದು, ಆಟ ಮುಗಿದ ಮೇಲೆ ಎಲ್ಲಿಂದ ತಂದೆಯೋ ಅಲ್ಲೇ ಹಾಗೇ ಬಿಟ್ಟು ಬರೋದು. ತಿಳೀತಾ?"

"ತಿಳೀತವ್ವ!"

ಎರಡನೇ ಆಟ ಹಾಲಿನ ಡೈರಿಯ ವಾರ್ಷಿಕೋತ್ಸವದಲ್ಲಿ. ರಸ್ತೆ ಪಕ್ಕದಲ್ಲೇ ಶಾಮಿಯಾನ. "ಯಾರು ಬರ್ತೀರಿ ಮಂತ್ರದಂಡ ಹಿಡಿಯೋಕೆ?" ಅಂದಳು. ಹಾಲಿನವರು ನಾಚಿಕೆಯ ಜನ, ಒಬ್ಬರೂ ಕೈ ಎತ್ತಲಿಲ್ಲ. ಚೆನ್ನಂಜ ಆ ಕಡೆ ನೋಡಿದ, ಈ ಕಡೆ ನೋಡಿದ. ರಸ್ತೆಯಲ್ಲಿ ಒಬ್ಬಾತ ನೆಟ್ಟಗೆ ಕೈ ಎತ್ತಿಕೊಂಡು ನಿಂತಿದ್ದ. ಹಿಡಿದ, ಎಳೆದುಕೊಂಡೇ ಬಂದ!

"ಬಿಡಯ್ಯಾ! ಬಸ್ಸು! ಬಸ್ಸು ಕಣಯ್ಯಾ!" ಅಂತ ಆತ ಬಾಯಿ ಬಾಯಿ ಬಡಿದುಕೊಂಡ. ಇದೂ ಆಟವೇ ಅಂದುಕೊಂಡು ಹಾಲಿನವರು ಬಿದ್ದು ಬಿದ್ದು ನಕ್ಕರು. ಮಂತ್ರದಂಡ ಆತನ ಕೈಯಲ್ಲಿ ಜೋತುಬಿತ್ತು, ಆತನ ಮುಖವೂ ಜೋತುಬಿತ್ತು. ಆಟ ಮುಗಿದ ಮೇಲೆ ಚೆನ್ನಂಜ ಆತನನ್ನು ಅದೇ ರಸ್ತೆಗೆ ಒಯ್ದು, ಅದೇ ಜಾಗದಲ್ಲಿ ನಿಲ್ಲಿಸಿ, ಆತನ ಕೈಯನ್ನು ಮೊದಲು ಇದ್ದ ಹಾಗೇ ಮೇಲಕ್ಕೆತ್ತಿ ಇಟ್ಟು ಬಂದ. ಬಸ್ಸು ಹೋಗಿ ಮುಕ್ಕಾಲು ಗಂಟೆಯಾಗಿತ್ತು.

"ಮಗಳ ನಿಶ್ಚಿತಾರ್ಥಕ್ಕೆ ಹೊರಟಿದ್ದೆ ಕಣ್ರಮ್ಮ!" ಅಂತ ಆತ ಅತ್ತೇಬಿಟ್ಟ.

"ಲೋ ಪೆದ್ದೇ!" ಅಂದಳು ಮರಿಸಿದ್ದಮ್ಮ. "ದಾರೀಲಿ ಹೋಗೋರನ್ನ ಹಿಡ್ಕೊಂಡು ಬರ್ತಾರೇನೋ?"

"ಕೈ ಎತ್ತಿದವರು ಒಬ್ಬರು ಅಂತ ನೀನೇ ಅಂದ್ಯಲ್ಲವ್ವ!"

"ಆಟ ನೋಡೋಕೇ ಅಂತ ಬಂದು ಕೂತಿರಬೇಕು ಕಣೋ! ಬೇರೆ ಯಾವ ಕೆಲಸವೂ ಇರಬಾರದು. ಎಲ್ಲಿಗೂ ಹೋಗೋ ಅವಸರ ಇರಬಾರದು. ಎಲ್ಲರಿಗಿಂತ ಮೊದಲೇ ಬಂದು ಕೂತಿರ್ತಾರಲ್ಲ, ಅಂಥೋರು. ತಿಳೀತಾ?"

"ತಿಳೀತವ್ವ!"

ಈ ಮಾತನ್ನು ಆಡದೇ ಇದ್ದಿದ್ದರೆ ಚೆನ್ನಾಗಿತ್ತು. ಆಡಿಬಿಟ್ಟಳು.

ಮೂರನೇ ಆಟ ಚಂಪಕಾ ಟಾಕೀಸಿನಲ್ಲಿ. ಬಾಗಿಲು ಮುಚ್ಚಿ ಹನ್ನೊಂದು ವರ್ಷವಾಗಿದ್ದ ಟಾಕೀಸು. ಕುರ್ಚಿ, ಕಿಟಕಿ, ಫ್ಯಾನು ಎಲ್ಲವನ್ನೂ ಯಾರೋ ಗುಜರಿಯವರು ಕೊಂಡಿದ್ದರು. ಬಿಚ್ಚಿಕೊಂಡು ಹೋಗುವ ಮೊದಲು ಊರವರಿಗೆ ಕೊನೆಯದಾಗಿ ಒಂದು ಆಟ ಇರಲಿ ಅಂತ ಟಾಕೀಸಿನ ಯಜಮಾನರ ಆಸೆ. ಭಾನುವಾರ ಮಧ್ಯಾಹ್ನ ಮೂರು ಗಂಟೆ. ಮುಂದಿನ ಹತ್ತು ಸಾಲು ಜನ. ಹಿಂದಿನ ಸಾಲುಗಳಲ್ಲಿ ಮುರಿದ ಕುರ್ಚಿಗಳು, ಕತ್ತಲೆ.

"ಯಾರು ಬರ್ತೀರಿ?" ಅಂದಳು ಮರಿಸಿದ್ದಮ್ಮ. ಮುಂದಿನ ಸಾಲುಗಳಲ್ಲಿ ಏಳೆಂಟು ಕೈ ಎದ್ದವು. ಚೆನ್ನಂಜ ಆ ಕೈಗಳನ್ನು ದಾಟಿದ. ಹತ್ತು ಸಾಲು ದಾಟಿದ. ಕತ್ತಲೆಯೊಳಗೆ ನಡೆದು ಹೋದ. ಅಲ್ಲಿ ಬಗ್ಗಿ ಏನೋ ಕೇಳಿದ್ದು, ತಲೆಯಾಡಿಸಿದ್ದು ಇವಳಿಗೆ ಮಸುಕಾಗಿ ಕಂಡಿತು. ವಾಪಸು ಬಂದ. ಒಂದು ಕೈಯನ್ನು ಪಕ್ಕಕ್ಕೆ ಚಾಚಿ, ಯಾರನ್ನೋ ಹಿಡಿದುಕೊಂಡ ಹಾಗೆ, ವಯಸ್ಸಾದವರ ಜೊತೆ ನಡೆಯುವ ಹಾಗೆ ನಿಧಾನಕ್ಕೆ ಬಂದ. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಮೆಟ್ಟಿಲು ನೋಡ್ಕೊಂಡು ಬನ್ನಿ," ಅಂದ.

ಜನ ಘೊಳ್ಳೆಂದು ನಕ್ಕರು.

"ಎಲ್ಲೋ ಆಸಾಮಿ?" ಅಂತ ಮರಿಸಿದ್ದಮ್ಮ ಹಲ್ಲು ಕಚ್ಚಿ ಕೇಳಿದಳು.

"ಇವರೇ ಅವ್ವ. ಎಲ್ಲರಿಗಿಂತ ಮೊದಲೇ ಬಂದು ಕೂತವ್ರಂತೆ. ಬೇರೆ ಕೆಲಸ ಇಲ್ವಂತೆ. ಎಲ್ಲಿಗೂ ಹೋಗೋ ಅವಸರ ಇಲ್ವಂತೆ. ಕೈ ಎತ್ತಿದಾರೆ ನೋಡು. ನೀನೇ ಅಂದ್ಯಲ್ಲವ್ವ!"

ಸಭೆ ನಗುತ್ತಿತ್ತು. ಕಸುಬಿನವಳು, ನಗುವ ಸಭೆಯನ್ನು ಬಿಟ್ಟುಕೊಡುತ್ತಾಳೆಯೇ? ಖಾಲಿ ಜಾಗಕ್ಕೆ ಬಗ್ಗಿ ಕೈ ಮುಗಿದು, "ಬನ್ನಿ ಸ್ವಾಮಿ, ತಮ್ಮ ಹೆಸರು?" ಅಂದಳು.

"ಗುರುಮಲ್ಲಯ್ಯ ಅಂತೆ," ಅಂದ ಚೆನ್ನಂಜ.

"ಗುರುಮಲ್ಲಯ್ಯನವರೇ, ಈ ಮಂತ್ರದಂಡ ಸ್ವಲ್ಪ ಹಿಡ್ಕೊಳ್ಳಿ!" ಅಂತ ಗಾಳಿಗೆ ಚಾಚಿ ಕೈ ಬಿಟ್ಟಳು. ದಂಡ ಕೆಳಗೆ ಬೀಳಬೇಕು, ಎಲ್ಲರೂ ನಗಬೇಕು. ಅದು ಅವಳ ಲೆಕ್ಕಾಚಾರ.

ದಂಡ ಬೀಳಲಿಲ್ಲ.

ಗಾಳಿಯಲ್ಲಿ ನಿಂತಿತು. ಆಮೇಲೆ ದಂಡ ಮೆಲ್ಲಗೆ, ಹಿಡಿದ ಕಡೆ ಗಟ್ಟಿಯಾಗಿ, ತುದಿಯ ಕಡೆ ಜೋತುಬಿತ್ತು. ಚಪ್ಪಾಳೆಯೋ ಚಪ್ಪಾಳೆ! "ದಾರ ಕಟ್ಟವ್ಳೆ ಕಣ್ರಲಾ!" ಅಂತ ಯಾರೋ ಕೂಗಿದರು. ದಾರ ಕಟ್ಟಿಲ್ಲ ಅನ್ನುವುದು ಆ ಟಾಕೀಸಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಆದರೂ ರಬ್ಬರ್ ಕೈ ಚಾಚಿದಳು. ಯಾರೋ ಹಿಡಿದರು. ಎಳೆದರು. ಕಳಚಿಕೊಂಡ ರಬ್ಬರ್ ಕೈ ಗಾಳಿಯಲ್ಲಿ ಎರಡು ಸಲ ಮೇಲೆ ಕೆಳಗೆ ಆಡಿತು, ಬಹಳ ಮರ್ಯಾದೆಯಿಂದ ವಾಪಸು ಅವಳ ತೋಳಿಗೆ ಬಂದು ಕೂತಿತು. ಬಾವಿಯ ನೀರಿನಲ್ಲಿ ಇಟ್ಟು ತೆಗೆದ ಹಾಗೆ ತಣ್ಣಗಿತ್ತು. ಅಂಥ ಚಪ್ಪಾಳೆ ಪ್ರೊಫೆಸರ್ ನಿಂಗರಾಜುವಿಗೂ ಯಾವತ್ತೂ ಬಿದ್ದಿರಲಿಲ್ಲ.

ಆಟ ಮುಗಿಯಿತು. ಮರಿಸಿದ್ದಮ್ಮ ಸಾಮಾನು ತುಂಬಿಕೊಂಡು ಹೊರಗೆ ಬಂದು ನೋಡುತ್ತಾಳೆ, ಚೆನ್ನಂಜ ಬಾಗಿಲಲ್ಲಿ ನಿಂತಿದ್ದಾನೆ. ಕೈ ಇನ್ನೂ ಪಕ್ಕಕ್ಕೆ ಚಾಚಿಕೊಂಡೇ ಇದೆ. ಒಳಗೆ ಗುಜರಿಯವರು ಹಿಂದಿನ ಸಾಲಿನ ಕುರ್ಚಿಗಳ ಬೋಲ್ಟು ಬಿಚ್ಚಿ ಲಾರಿಗೆ ಎಸೆಯುತ್ತಿದ್ದಾರೆ, ಧಡ್, ಧಡ್.

"ಬಾರೋ, ಬಸ್ಸು ಬಂತು!"

"ಎಲ್ಲಿಂದ ತಂದೆನೋ ಅಲ್ಲೇ ಬಿಡಬೇಕಲ್ಲವ್ವ? ಇವರ ಕುರ್ಚಿ ಲಾರಿಗೆ ಹೋಯ್ತು. ಇವರನ್ನ ಎಲ್ಲಿ ಬಿಡ್ಲಿ?"

"ಯಾರನ್ನೋ? ಸುಮ್ಮನೆ ಬಾರೋ!"

ಬಂದ. ಒಬ್ಬನೇ ಬರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಬಿಟ್ಟು ಕೂತ. "ಯಾರಿಗಪ್ಪಾ ಸೀಟು ಹಿಡಿದಿದ್ದೀಯ?" ಅಂದ ಕಂಡಕ್ಟರು. "ಹಿಡಿದಿಲ್ಲ ಸಾರ್, ಕೂತವ್ರಲ್ಲ!" ಅಂದ. ಒಬ್ಬ ಹೆಂಗಸು ಗೊಣಗಿಕೊಂಡು ಅವನನ್ನು ದಾಟಿ ಆ ಜಾಗದಲ್ಲಿ ಕೂತಳು. ಕೂತವಳು ಹಾಗೇ ಎದ್ದಳು. ಭುಜದ ತುಂಬ ಸೆರಗು ಹೊದ್ದುಕೊಂಡು, ಊರು ಬರುವ ತನಕ ನಿಂತೇ ಇದ್ದಳು.

ಅದನ್ನು ಮರಿಸಿದ್ದಮ್ಮ ನೋಡಿದಳು. ಮಗನ ಕಡೆ ಬಗ್ಗಿದಳು.

"ಚೆನ್ನಂಜಾ, ಯಾರಂತೋ ಇವರು?"

"ಅಪ್ಪನ ಆಟ ನೋಡೋಕೆ ಬಂದಿದ್ರಂತೆ ಅವ್ವ, ಇದೇ ಟಾಕೀಸಿಗೆ. ಕೈ ಎತ್ತಿದ್ರಂತೆ. ಅಪ್ಪ ಬೇರೆಯವರನ್ನ ಕರೆದ್ನಂತೆ. ಇವರಿಗೆ, 'ಮುಂದಿನ ಸಲ ನಿಮ್ಮನ್ನೇ ಕರೀತೀನಿ, ಅಲ್ಲೀತನಕ ಕೈ ಇಳಿಸಬೇಡಿ' ಅಂದ್ನಂತೆ."

"ಆಮೇಲೆ?"

"ಇಳಿಸಿಲ್ವಂತೆ."

ನಿಂಗರಾಜು ತಮಾಷೆಗೆ ಹಾಗೆ ಅನ್ನುತ್ತಿದ್ದದ್ದು ನಿಜ. ಪ್ರತಿ ಆಟದಲ್ಲೂ ಅನ್ನುತ್ತಿದ್ದ. ಎಲ್ಲರೂ ನಕ್ಕು ಕೈ ಇಳಿಸುತ್ತಿದ್ದರು. ಒಬ್ಬ ಇಳಿಸಲಿಲ್ಲ. ಅವನನ್ನು ಹೆತ್ತವಳೂ ಹೀಗೇ ಹಣೆ ಚಚ್ಚಿಕೊಂಡಿರಬೇಕು ಅಂತ ಮರಿಸಿದ್ದಮ್ಮನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೇ ಇನ್ನೂ ಹೆದರಿಕೆಯಾಯಿತು.

ಗುರುಮಲ್ಲಯ್ಯ ಮನೆಯಲ್ಲಿ ಉಳಿದ. ಚೆನ್ನಂಜ ಅವನಿಗೂ ಒಂದು ತಟ್ಟೆ ಇಡುವನು. ಒಲೆಯಿಂದ ಇಳಿಸಿದ ಮುದ್ದೆ, ಮೂರು ತಟ್ಟೆಗೂ ಒಂದೇ ಪಾತ್ರೆಯಿಂದ ಬಡಿಸಿದ್ದು. ಎರಡು ತಟ್ಟೆಯಲ್ಲಿ ಹಬೆ ಏಳುವುದು, ಮೂರನೆಯದರಲ್ಲಿ ಏಳುವುದಿಲ್ಲ. ಹಗಲೆಲ್ಲ ಜಗಲಿಯ ಮೇಲೆ ಚೆನ್ನಂಜನ ನಗು. ಇಪ್ಪತ್ತೆಂಟು ವರ್ಷದಲ್ಲಿ ಅವನ ಮಾತನ್ನು ಯಾರೂ ಅಷ್ಟು ಹೊತ್ತು ಕೂತು ಕೇಳಿರಲಿಲ್ಲ. ಬೆಳಗಿನ ರೇಡಿಯೋಗೆ ಅವನು ಕೈ ಮುಗಿಯುವುದನ್ನೂ ಬಿಟ್ಟ. "ಅವರು ಮಾತಾಡ್ತಾ ಇದ್ರು ಅವ್ವ, ಕೇಳಿಸಲಿಲ್ಲ," ಅಂದ.

ನಾಲ್ಕನೆಯ ದಿನ ಓಡಿ ಬಂದ. ಮುಖದ ತುಂಬ ಸಂತೋಷ.

"ಅವ್ವ! ಇನ್ನು ನೀನು ಅಳಬೇಡ!"

"ಯಾಕೋ?"

"ನೀನು ಹೋದ ಮೇಲೆ ನನ್ನ ನೋಡ್ಕೊಳ್ಳೋರು ಯಾರು ಅಂತ ಅಳ್ತೀಯಲ್ಲ? ಅವರು ನೋಡ್ಕೋತಾರಂತೆ!"

ಮರಿಸಿದ್ದಮ್ಮನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ಈ ಗುರುಮಲ್ಲಯ್ಯನನ್ನು ಇನ್ನು ಒಂದು ದಿನವೂ ಇಟ್ಟುಕೊಳ್ಳಬಾರದು, ಮೊದಲು ಕಳಿಸಬೇಕು! ಹೇಗೆ ಕಳಿಸೋದು? ಅಟ್ಟದಿಂದ ಗಂಡನ ದೊಡ್ಡ ಪೆಟ್ಟಿಗೆ ಇಳಿಸಿದಳು. ಆಳೆತ್ತರದ ಮರದ ಪೆಟ್ಟಿಗೆ. ಒಳಗೆ ನಿಂತವರು ಹಿಂದಿನ ಹಲಗೆ ಸರಿಸಿ ಅಡಗಿಕೊಂಡರೆ, ಮುಂದಿನಿಂದ ನೋಡುವವರಿಗೆ ಪೆಟ್ಟಿಗೆ ಖಾಲಿ. ಕಾಣುವವರನ್ನು ಕಾಣದಂತೆ ಮಾಡುವ ಪೆಟ್ಟಿಗೆ, ಕಾಣದವರನ್ನು ಏನು ಮಾಡುತ್ತದೋ ಅವಳಿಗೂ ಗೊತ್ತಿರಲಿಲ್ಲ. ಬೇರೆ ದಾರಿ ತೋಚಲಿಲ್ಲ, ಅಷ್ಟೆ.

"ಮಗಾ, ನಿನ್ನ ಗುರುಮಲ್ಲಯ್ಯನ್ನ ಇದರೊಳಗೆ ಹಾಕಿ ಬಾಗಿಲು ಹಾಕು."

ಹಾಕು ಅಂದಳು, ಹಾಕಿದ. ಮೂಟೆ ನೂಕುವ ಹಾಗೆ ನೂಕಿ, ಧಡಾರನೆ ಬಾಗಿಲು ಬಡಿದು, ಚಿಲಕ ಜಡಿದ. ನಡು ಮಧ್ಯಾಹ್ನ, ಅಂಗಳದ ತುಂಬ ಬಿಸಿಲು. ಪೆಟ್ಟಿಗೆಯೊಳಗಿಂದ ಟಕ್, ಟಕ್, ಟಕ್ ಅಂತ ಮೂರು ಸಲ ತಟ್ಟಿದ ಸದ್ದು. ಆಮೇಲೆ ಹೊರಗಿನ ಚಿಲಕ ತಾನಾಗಿ ಸರಿಯಿತು. ಬಾಗಿಲು ತೆರೆದುಕೊಂಡಿತು.

"ಅವರಿಗೆ ಬೇಜಾರಾಯ್ತಂತೆ ಅವ್ವ," ಅಂದ ಚೆನ್ನಂಜ. ಅವನ ಕಣ್ಣಲ್ಲೂ ನೀರು.

ಮರಿಸಿದ್ದಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಆದರೂ ಬಾಯಿ ಬಿದ್ದಿರಲಿಲ್ಲ.

"ಲೋ ಪೆದ್ದೇ! ಮನೆಗೆ ಬಂದೋರನ್ನ ಹಾಗೆ ನೂಕ್ತಾರೇನೋ?"

"ಹಾಕು ಅಂತ ನೀನೇ ಅಂದ್ಯಲ್ಲವ್ವ!"

"ಮರ್ಯಾದೆಯಿಂದ ಕಳಿಸಬೇಕು ಕಣೋ! ನೆಂಟರು ಹೊರಟರೆ ನಾವೇನು ಮಾಡ್ತೀವಿ? ಬಾಗಿಲಲ್ಲೇ ನಿಂತು ಹೋಗಿ ಅಂತೀವಾ? ಜೊತೇಲಿ ಹೋಗ್ತೀವಿ. ವಯಸ್ಸಾದೋರಾದರೆ, ದಾರಿ ಗೊತ್ತಿಲ್ಲದೋರಾದರೆ, ಅವರ ಜಾಗ ಮುಟ್ಟೋ ತನಕ ಹೋಗಿ ಬಿಟ್ಟು ಬರ್ತೀವಿ. ಬಂದ ಮನುಷ್ಯರನ್ನ ಕಳಿಸೋ ರೀತಿ ಅದು. ತಿಳೀತಾ?"

"ತಿಳೀತವ್ವ!"

ಗುರುಮಲ್ಲಯ್ಯನಿಗೆ ಕೇಳಿಸಲಿ, ಅವನ ಕೋಪ ಇಳಿಯಲಿ ಅಂತ ಆಡಿದ ಮಾತು ಅದು. ಮಗ ಪಕ್ಕದಲ್ಲೇ ನಿಂತಿದ್ದಾನೆ ಅನ್ನುವುದು ಆ ಹೆದರಿಕೆಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಮುಂದಿನ ಆಟ ನೇಕಾರರ ಸಂಘದ ಭವನದಲ್ಲಿ, ಸಂಜೆ ಐದಕ್ಕೆ. ಅವತ್ತು ಮರಿಸಿದ್ದಮ್ಮ ಕೊಡೆ ತೆಗೆಯಲಿಲ್ಲ, ರಬ್ಬರ್ ಕೈ ತೊಡಲಿಲ್ಲ. ನಡು ಸ್ಟೇಜಿನಲ್ಲಿ ಪೆಟ್ಟಿಗೆ ನಿಲ್ಲಿಸಿದಳು. ಒಂದು ಶಾಲು, ಒಂದು ಸೇವಂತಿಗೆ ಹಾರ. ಚೆನ್ನಂಜ ಕೈ ಚಾಚಿಕೊಂಡು ಖಾಲಿ ಜಾಗವನ್ನು ನಡೆಸಿಕೊಂಡು ಬಂದ. ನೇಕಾರರು ಆಗಲೇ ನಗೋಕೆ ಶುರುಮಾಡಿದ್ದರು.

"ಮಹಾಜನರೇ, ಇವರು ಗುರುಮಲ್ಲಯ್ಯನವರು. ನಮ್ಮ ಆಟಕ್ಕೆ ಇವರಷ್ಟು ಕಾದವರು ಯಾರೂ ಇಲ್ಲ!" ಅಂತ ಗಾಳಿಗೆ ಶಾಲು ಹೊದಿಸಿದಳು. ಶಾಲು ನಿಂತಿತು. ಹಾರ ಹಾಕಿದಳು. ಹಾರವೂ ನಿಂತಿತು. ಭವನದ ತುಂಬ ಶಿಳ್ಳೆ, ಕೂಗು.

ಅವಳು ಹತ್ತಿರ ಹೋಗಿ, ಸಭೆಗೆ ಕೇಳಿಸದ ಹಾಗೆ ಅಂದಳು. "ಸ್ವಾಮಿ, ನಮ್ಮ ಯಜಮಾನರು ಮಾತು ಕೊಟ್ಟು ಮರೆತರು. ತಪ್ಪಾಯ್ತು. ನಿಮ್ಮನ್ನ ಕರೆದದ್ದಾಯ್ತು, ಆಟವೂ ಮುಗೀತು. ಕೈ ಇಳಿಸಿ."

ಶಾಲಿನ ಒಂದು ಅಂಚು ಮೆಲ್ಲಗೆ ಕೆಳಗೆ ಜಾರಿತು.

"ಇಳಿಸಿದ್ರು ಅವ್ವ!" ಅಂದ ಚೆನ್ನಂಜ. "ಕೈ ಇಳಿಸಿದ್ರು! ನಗ್ತಾವ್ರೆ!"

ಎಷ್ಟೋ ದಿನದ ಮೇಲೆ ಮರಿಸಿದ್ದಮ್ಮನ ಎದೆಯಿಂದ ಉಸಿರು ಪೂರಾ ಹೊರಗೆ ಬಂತು. "ಹಾಗಾದರೆ ಕಳಿಸಿಕೊಡು ಮಗಾ. ಮರ್ಯಾದೆಯಿಂದ," ಅಂದು ಸಭೆಯ ಕಡೆ ತಿರುಗಿ ಚಪ್ಪಾಳೆ ತಟ್ಟಿಸಿದಳು.

ಚೆನ್ನಂಜ ಪೆಟ್ಟಿಗೆಯ ಬಾಗಿಲು ತೆರೆದ. ಪಕ್ಕಕ್ಕೆ ಬಗ್ಗಿ, "ನಿಮ್ಮ ಜಾಗ ಎಲ್ಲಿ?" ಅಂತ ಕೇಳಿದ. ಉತ್ತರ ಕೇಳಿಸಿಕೊಂಡ. "ದೂರವಾ? ದಾರಿ ಗೊತ್ತಿಲ್ವಾ? ಪರವಾಗಿಲ್ಲ ಬನ್ನಿ," ಅಂದ. ಸ್ಟೇಜಿನ ಮೂಲೆಗೆ ಹೋಗಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಬಂದ. ನೇಕಾರರಿಗೆ ಅದೂ ನಗುವೇ.

ಸಭೆಗೆ ಕೈ ಮುಗಿದು ಮರಿಸಿದ್ದಮ್ಮ ಹಿಂದಿರುಗಿ ನೋಡುವಷ್ಟರಲ್ಲಿ ಅವನು ಪೆಟ್ಟಿಗೆಯ ಒಳಗೆ ನಿಂತಿದ್ದ. ಪಕ್ಕದಲ್ಲಿ ಶಾಲು, ಹಾರ.

"ಇವರನ್ನ ಇವರ ಜಾಗ ಮುಟ್ಟಿಸಿ ಬರ್ತೀನವ್ವ!" ಅಂದ. ಬಾಗಿಲು ಎಳೆದುಕೊಂಡ.

ಓಡಿದಳು. ಬಾಗಿಲು ಕಿತ್ತು ತೆರೆದಳು. ಪೆಟ್ಟಿಗೆ ಖಾಲಿ.

ಭವನ ಬಿರಿಯುವ ಹಾಗೆ ಚಪ್ಪಾಳೆ! ಅವಳು ಹಿಂದಿನ ಹಲಗೆ ಸರಿಸಿದಳು. ಅಡಗುವ ಜಾಗದಲ್ಲಿ ಒಂದು ಸೇವಂತಿಗೆ ಹೂವು ಬಿದ್ದಿತ್ತು, ಮಗ ಇರಲಿಲ್ಲ. ಪೆಟ್ಟಿಗೆಯ ಹಿಂದೆ ಹೋಗಿ ನೋಡಿದಳು. ಸುಣ್ಣ ಬಳಿದ ಗೋಡೆ. ಮತ್ತೆ ಮುಂದೆ ಬಂದು ಒಳಗೆ ತಲೆ ಹಾಕಿದಳು. ಒಂದು ಮೊಳ ಆಳದ ಮರದ ಪೆಟ್ಟಿಗೆ ಅದು. ಆ ಒಂದು ಮೊಳದ ಒಳಗಿಂದ, ಬಹಳ ದೂರದಿಂದ, ಚಪ್ಪಲಿಯ ಸದ್ದು ಕೇಳಿಸಿತು. ಚಟ್, ಚಟ್, ಚಟ್. ಯಾವ ಅವಸರವೂ ಇಲ್ಲದೆ, ವಯಸ್ಸಾದವರ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು, ದೂರ ದೂರಕ್ಕೆ ಹೋಗುತ್ತಿತ್ತು.

"ಲೋ ಪೆದ್ದೇ!" ಅಂತ ಮರಿಸಿದ್ದಮ್ಮ ಪೆಟ್ಟಿಗೆಯೊಳಕ್ಕೆ ಕೂಗಿದಳು. "ಅಷ್ಟು ದೂರ ಹೋಗ್ತಾರೇನೋ?"

ನೀನೇ ಅಂದ್ಯಲ್ಲವ್ವ ಅಂತ ಯಾರೂ ಅನ್ನಲಿಲ್ಲ. ಅವಳ ಬೆನ್ನ ಹಿಂದೆ ನೇಕಾರರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಅರ್ಧ ದಾರಿ ಸಾಕು ಮಗಾ! ಮುಂದಕ್ಕೆ ಅವರೇ ಹೋಗ್ಕೋತಾರೆ. ನೀನು ಎಲ್ಲಿದ್ದೀಯೋ ಅಲ್ಲೇ ನಿಲ್ಲು. ನಿಂತು, ಹಿಂದಕ್ಕೆ ತಿರುಗು. ತಿರುಗಿ, ಹೋದ ದಾರೀಲೇ ಬಾ. ಯಾರು ಏನು ಅಂದ್ರೂ ಕೇಳಬೇಡ, ನಾನು ಹೇಳಿದ್ದಷ್ಟು ಕೇಳು. ತಿಳೀತಾ? ಚೆನ್ನಂಜಾ, ತಿಳೀತು ಅಂತ ಒಂದು ಸಲ ಅನ್ನೋ."